ಹಳೆಯ ರೇಸಿಂಗ್ ಸೈಕಲ್ಲಿನ ಬ್ರೇಕ್ ಕೇಬಲ್: ಗಿಡ್ಡ ಮಾಡಿದ ಮಾತ್ರಕ್ಕೆ ಅಚ್ಚುಕಟ್ಟಾಗದು

ಸಂಪಾದಕರಿಗೆ,

ಮಾನ್ಯರೇ,

ಹಳೆಯ ರೇಸಿಂಗ್ ಸೈಕಲ್ಲುಗಳನ್ನು ಬಿಚ್ಚಿ, ತೊಳೆದು, ಮತ್ತೆ ಓಡಾಟಕ್ಕೆ ಸಿದ್ಧಗೊಳಿಸುವ ಹವ್ಯಾಸದ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸಚಿತ್ರ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಣ್ಣ, ಕ್ರೋಮಿಯಂ ಲೇಪ, ಚಕ್ರದ ಕಡ್ಡಿಗಳ ಬಗ್ಗೆ ಲೇಖಕರು ಹೇಳಿರುವ ಮಾತುಗಳಲ್ಲಿ ನನಗೆ ತಕರಾರಿಲ್ಲ. ಆದರೆ ಬ್ರೇಕ್ ಕೇಬಲ್‌ಗಳ ವಿಷಯದಲ್ಲಿ ಅವರು ಎರಡು ಸಲಹೆ ಕೊಟ್ಟಿದ್ದಾರೆ. ಹ್ಯಾಂಡಲಿನ ಮುಂದೆ ಎದ್ದು ಕಾಣುವ ಕೇಬಲನ್ನು ಸಾಧ್ಯವಾದಷ್ಟು ಗಿಡ್ಡ ಮಾಡಬೇಕು ಎಂಬುದು ಮೊದಲನೆಯದು. ಹಿಂಬದಿಯ ಬ್ರೇಕಿನ ಕೇಬಲನ್ನು ಫ್ರೇಮಿಗೆ ರಂಧ್ರ ಕೊರೆದು ಒಳಗಿನಿಂದ ಹಾಯಿಸಿದರೆ ಸೈಕಲ್ಲು ಇನ್ನಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಎರಡನೆಯದು. ಓದುಗರು ಇವನ್ನು ಹಾಗೆಯೇ ಪಾಲಿಸಿದರೆ ಮೊದಲನೆಯದರಿಂದ ಬ್ರೇಕು ಕೆಡುತ್ತದೆ, ಎರಡನೆಯದರಿಂದ ಫ್ರೇಮೇ ಕೆಡುತ್ತದೆ. ಕೇಬಲ್ ಅಚ್ಚುಕಟ್ಟಾಗಿದೆಯೇ ಎಂಬುದನ್ನು ಗೋಡೆಗೆ ಒರಗಿಸಿದ ಸೈಕಲ್ಲಿನ ಚಿತ್ರ ನೋಡಿ ತೀರ್ಮಾನಿಸಲಾಗದು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಲಿವರನ್ನು ಅದುಮಿ ನೋಡಿದ ಮೇಲಷ್ಟೇ ತೀರ್ಮಾನಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣ ಕೇಬಲ್ ಕೆಲಸ ಮಾಡುವ ರೀತಿಯಲ್ಲಿದೆ. ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ ಏರ್ಪಾಡೇ ಇಂದಿಗೂ ಸೈಕಲ್ಲಿನ ತಂತಿಬ್ರೇಕುಗಳಲ್ಲಿ ಉಳಿದುಕೊಂಡಿದೆ. ಒಳಗೆ ಹೊಸೆದ ಉಕ್ಕಿನ ತಂತಿ, ಹೊರಗೆ ಸುರುಳಿ ಸುತ್ತಿದ ಉಕ್ಕಿನ ಔಟರ್. ನಾವು ಲಿವರನ್ನು ಅದುಮಿದಾಗ ತಂತಿ ಎಳೆಯಲ್ಪಡುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ತಂತಿ ಎಷ್ಟು ಬಲದಿಂದ ಎಳೆಯಲ್ಪಡುತ್ತದೆಯೋ ಹೆಚ್ಚು ಕಡಿಮೆ ಅಷ್ಟೇ ಬಲದಿಂದ ಔಟರ್ ಒತ್ತಲ್ಪಡುತ್ತದೆ ಎಂಬುದನ್ನು ಮರೆತುಬಿಡುತ್ತೇವೆ. ಔಟರ್ ಬರಿಯ ಹೊದಿಕೆಯಲ್ಲ, ಅದು ಬ್ರೇಕಿನ ಅರ್ಧ ಭಾಗ. ಅದರ ತುದಿಗಳು ಓರೆಯಾಗಿ ಕೂತಿದ್ದರೆ, ನಡುವೆ ಎಲ್ಲಾದರೂ ಸೊಟ್ಟಗಾಗಿದ್ದರೆ, ಅಥವಾ ಹಿಡಿತವಿಲ್ಲದೆ ಅತ್ತಿತ್ತ ಹೊರಳುತ್ತಿದ್ದರೆ, ರಬ್ಬರನ್ನು ರಿಮ್ಮಿಗೆ ಒತ್ತಬೇಕಾದ ನಮ್ಮ ಬೆರಳುಗಳ ಶ್ರಮದಲ್ಲಿ ಒಂದು ಪಾಲು ಔಟರನ್ನು ನೆಟ್ಟಗೆ ಮಾಡುವುದಕ್ಕೇ ಖರ್ಚಾಗುತ್ತದೆ. ಲಿವರ್ ಅದುಮಿದಾಗ ಮೆತ್ತಗೆ ಅನ್ನಿಸುವ ಬ್ರೇಕುಗಳಲ್ಲಿ ಅನೇಕ ಬಾರಿ ದೋಷ ಇರುವುದು ರಬ್ಬರನ್ನು ರಿಮ್ಮಿಗೆ ಒತ್ತುವ ಇಕ್ಕಳದಂಥ ಕ್ಯಾಲಿಪರಿನಲ್ಲಲ್ಲ, ಕೇಬಲ್ ಸಾಗುವ ಈ ದಾರಿಯಲ್ಲಿ.

ಘರ್ಷಣೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು. ಕಂಬಕ್ಕೆ ಸುತ್ತಿದ ಹಗ್ಗದ ಹಿಡಿತವನ್ನು ಅಳೆಯುವ ಸೂತ್ರವೇ ಬಾಗಿದ ಔಟರಿನೊಳಗಿನ ತಂತಿಗೂ ಅನ್ವಯಿಸುತ್ತದೆ. ಆ ಸೂತ್ರದಲ್ಲಿ ಕೇಬಲಿನ ಉದ್ದಕ್ಕೆ ಸ್ಥಾನವಿಲ್ಲ. ಅದು ಒಟ್ಟು ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದಕ್ಕೆ ಮಾತ್ರ ಸ್ಥಾನ. ಘರ್ಷಣೆಯ ಗುಣಾಂಕವನ್ನು 0.1 ಎಂದು ಹಿಡಿದರೆ, ಒಟ್ಟು 180 ಡಿಗ್ರಿ ತಿರುಗುವ ದಾರಿಯಲ್ಲಿ ಕೈ ಹಾಕಿದ ಬಲದ ಶೇ 27ರಷ್ಟು ದಾರಿಯಲ್ಲೇ ನಷ್ಟವಾಗುತ್ತದೆ, 270 ಡಿಗ್ರಿಗೆ ಆ ನಷ್ಟ ಶೇ 38ರಷ್ಟಾಗುತ್ತದೆ, 360 ಡಿಗ್ರಿಗೆ ಶೇ 47ರಷ್ಟು. ಹೀಗಾಗಿ ಒಮ್ಮೆ ಎಡಕ್ಕೆ ಬಾಗಿ ಮತ್ತೆ ಬಲಕ್ಕೆ ಬಾಗುವ ಹಾವಿನ ನಡೆಯ ದಾರಿ ಎಷ್ಟೇ ಗಿಡ್ಡವಾಗಿದ್ದರೂ ದುಬಾರಿಯೇ. ಎರಡೂ ತಿರುವುಗಳು ಕೂಡಿಕೊಳ್ಳುತ್ತವೆಯೇ ಹೊರತು ಒಂದನ್ನೊಂದು ಕಳೆಯುವುದಿಲ್ಲ. ಅದಕ್ಕಿಂತ ನಾಲ್ಕು ಬೆರಳು ಉದ್ದವಾದರೂ ಒಂದೇ ದಿಕ್ಕಿನಲ್ಲಿ ಹದವಾಗಿ ಬಾಗಿದ ಕಮಾನು ಮೇಲು. ತಿರುವು ತೀರ ಕಿರಿದಾದರೆ ಇನ್ನೊಂದು ಕೇಡೂ ಉಂಟು. ಔಟರಿನ ಸುರುಳಿಗಳು ಹೊರಬದಿಯಲ್ಲಿ ಬಾಯ್ದೆರೆದು, ಒಳಬದಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು, ಒಮ್ಮೆ ಮಡಿಕೆ ಬಿದ್ದ ಜಾಗ ಮತ್ತೆಂದೂ ಸರಿಯಾಗುವುದಿಲ್ಲ. ಅಂಥ ತುಂಡನ್ನು ಎಸೆದು ಹೊಸದನ್ನು ಹಾಕುವುದೊಂದೇ ದಾರಿ.

ಹಳೆಯ ರೇಸಿಂಗ್ ಸೈಕಲ್ಲುಗಳ ಮುಖ್ಯ ಲಕ್ಷಣವೇ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲು ಮತ್ತು ಅದರ ಮೇಲೆ ಎದ್ದು ನಿಂತ ಎರಡು ಕೇಬಲ್ ಕಮಾನುಗಳು. ಆ ಕಾಲದ ಲಿವರುಗಳಲ್ಲಿ ಕೇಬಲ್ ಹೊರಡುವುದು ಲಿವರಿನ ನೆತ್ತಿಯಿಂದ, ನೇರವಾಗಿ ಮೇಲಕ್ಕೆ. ಹ್ಯಾಂಡಲಿನ ಟೇಪಿನ ಅಡಿಯಲ್ಲಿ ಕೇಬಲ್ ಹಾಯಿಸುವ ಲಿವರುಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಸೈಕಲ್ಲಿನಲ್ಲಿ ಕಮಾನು ಇರುವುದು ದೋಷವಲ್ಲ, ಅದು ಇರಲೇಬೇಕಾದದ್ದು. ಮೇಲಕ್ಕೆ ಹೊರಟ ಔಟರ್ ತಾನಾಗಿಯೇ ಬಾಗಿ ಕೆಳಗಿಳಿಯಲು ಬೇಕಾದಷ್ಟು ಎತ್ತರವನ್ನು ಅದಕ್ಕೆ ಕೊಡಲೇಬೇಕು. ಗಿಡ್ಡ ಮಾಡುವ ಹಟದಲ್ಲಿ ಕತ್ತರಿಸುತ್ತಾ ಹೋದರೆ ಲಿವರಿನ ಬಾಯಲ್ಲೇ ಔಟರ್ ಓರೆಯಾಗಿ ಕೂರುತ್ತದೆ, ತಂತಿ ಆ ಅಂಚಿಗೆ ಉಜ್ಜುತ್ತದೆ, ಕೆಲವು ತಿಂಗಳಲ್ಲೇ ಅಲ್ಲಿ ಒಂದೊಂದೇ ಎಳೆ ಕಡಿಯಲಾರಂಭಿಸುತ್ತದೆ. ಇದು ನಡೆಯುವುದು ಲಿವರಿನ ಒಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ, ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಹಾಗೆಂದು ಕಮಾನು ಎಷ್ಟು ಎತ್ತರವಾದರೂ ಸರಿಯೆಂದಲ್ಲ. ಅತಿ ಉದ್ದವಾದ ಔಟರ್ ಸವಾರನ ಕೈಗೆ ತೊಡರುತ್ತದೆ, ಹ್ಯಾಂಡಲಿನ ಮುಂದೆ ಚೀಲ ಕಟ್ಟುವವರಿಗೆ ಅಡ್ಡ ಬರುತ್ತದೆ, ರಸ್ತೆಯ ಕುಲುಕಾಟಕ್ಕೆ ಅಲ್ಲಾಡಿ ಫ್ರೇಮಿನ ಮುಂತುದಿಯ ಹೆಡ್ ಪೈಪಿನ ಬಣ್ಣವನ್ನು ತಿನ್ನುತ್ತದೆ. ಸರಿಯಾದ ಉದ್ದವನ್ನು ಹ್ಯಾಂಡಲೇ ಹೇಳುತ್ತದೆ. ಹ್ಯಾಂಡಲನ್ನು ಎಡಕ್ಕೆ ಅದು ತಿರುಗುವಷ್ಟೂ ತಿರುಗಿಸಿ, ಬಲಕ್ಕೆ ಅದೇ ರೀತಿ ತಿರುಗಿಸಿ, ಎರಡೂ ಸಲ ಹಿಂದಿನ ಚಕ್ರದ ರಬ್ಬರುಗಳು ರಿಮ್ಮಿನಿಂದ ಅದೇ ಅಂತರದಲ್ಲಿ ಉಳಿದಿವೆಯೇ ಎಂದು ನೋಡಬೇಕು. ಒಂದು ಕಡೆಗೆ ತಿರುಗಿಸಿದಾಗ ಔಟರ್ ಬಿಗಿದುಕೊಂಡು ಲಿವರಿನ ಬಾಯಿಂದಲೋ ಅದನ್ನು ಫ್ರೇಮಿಗೆ ಹಿಡಿದಿಡುವ ಕ್ಲಿಪ್ಪಿನಿಂದಲೋ ಕಿತ್ತು ಬರುವಂತಾದರೆ ಅದು ಗಿಡ್ಡ. ಎರಡೂ ಕಡೆಗೆ ತಿರುಗಿಸಿದಾಗಲೂ ಹೊಟ್ಟೆ ಉಬ್ಬಿಕೊಂಡೇ ಇದ್ದರೆ ಅದು ಉದ್ದ. ಈ ಎರಡರ ನಡುವೆ ಸಿಗುವ ಉದ್ದವೇ ಸರಿಯಾದ ಉದ್ದ, ಮತ್ತು ಆ ಉದ್ದದಲ್ಲಿ ಎರಡು ಕಮಾನುಗಳು ಒಂದೇ ಎತ್ತರಕ್ಕೆ ಬಂದು ನಿಲ್ಲುವಂತೆ ಹೊಂದಿಸುವುದರಲ್ಲಿ ಕುಶಲತೆ ಇದೆ. ಇದಕ್ಕಾಗಿ ಹೊಸ ಔಟರನ್ನು ಕತ್ತರಿಸುವ ಮೊದಲು ಹಳೆಯ ಔಟರಿನ ತುಂಡನ್ನು ಇಟ್ಟು ನೋಡುವುದು ಒಳ್ಳೆಯದು. ಹಳೆಯದು ಇಲ್ಲದಿದ್ದರೆ ಹೊಸದನ್ನೇ ಧಾರಾಳವಾಗಿ ಬಿಟ್ಟು, ಪ್ರತಿಸಲ ಬೆರಳಗಲಕ್ಕಿಂತ ಹೆಚ್ಚು ಕತ್ತರಿಸದೆ, ಪ್ರತಿಸಲವೂ ಹ್ಯಾಂಡಲು ತಿರುಗಿಸಿ ನೋಡುತ್ತಾ ಬರಬೇಕು.

ಈಗ ಮೇಲಿನ ಅಡ್ಡಪೈಪಿನ ವಿಷಯ. ಹಿಂದಿನ ಬ್ರೇಕಿನ ಕೇಬಲ್ ಈ ಪೈಪಿನ ಮೇಲೋ ಪಕ್ಕದಲ್ಲೋ ಸಾಗುತ್ತದೆ. ಕೆಲವು ಫ್ರೇಮುಗಳಲ್ಲಿ ತಯಾರಿಕೆಯಲ್ಲೇ ಬೆಸೆದ ಕಿರುಬಳೆಗಳೋ ಔಟರಿನ ತುದಿಯನ್ನು ನಿಲ್ಲಿಸುವ ತಡೆಗಳೋ ಇರುತ್ತವೆ. ಇಲ್ಲದ ಫ್ರೇಮುಗಳಿಗೆ ಪೈಪನ್ನು ಸುತ್ತಿ ಹಿಡಿಯುವ ಕ್ರೋಮಿಯಂ ಲೇಪದ ತೆಳು ಉಕ್ಕಿನ ಕ್ಲಿಪ್ಪುಗಳು, ಸಾಮಾನ್ಯವಾಗಿ ಮೂರು. ಇಂದಿನವರಿಗೆ ಈ ಕ್ಲಿಪ್ಪುಗಳ ಮೇಲೆ ಏಕೋ ಅಸಡ್ಡೆ. ನನ್ನ ದೃಷ್ಟಿಯಲ್ಲಿ ಆ ಕಾಲದ ಸೈಕಲ್ಲಿನ ಅತ್ಯಂತ ವಿವೇಕದ ಭಾಗಗಳಲ್ಲಿ ಅದೂ ಒಂದು, ಏಕೆಂದರೆ ಅದನ್ನು ಸರಿಸಬಹುದು. ಮುಂದಿನ ಕ್ಲಿಪ್ಪನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಹ್ಯಾಂಡಲಿನ ಬಳಿಯ ಕಮಾನಿನ ಸ್ವರೂಪವೇ ಬದಲಾಗಿ, ಬಿಗಿದುಕೊಂಡಿದ್ದ ಔಟರ್ ಸಡಿಲಗೊಳ್ಳುವುದನ್ನು ಕಣ್ಣಾರೆ ನೋಡಬಹುದು. ಮುಂದಿನ ಕ್ಲಿಪ್ಪಿನ ಜಾಗವನ್ನು ಹ್ಯಾಂಡಲು ನಿರ್ಧರಿಸಲಿ, ಹಿಂದಿನ ಕ್ಲಿಪ್ಪಿನ ಜಾಗವನ್ನು ಕ್ಯಾಲಿಪರ್ ನಿರ್ಧರಿಸಲಿ, ನಡುವಿನದನ್ನು ಅವೆರಡರ ಮಧ್ಯಕ್ಕೆ ಸರಿಯಾಗಿ ಅಳೆದು ಹಾಕಲಿ. ಮೂರೂ ಸ್ಕ್ರೂಗಳು ಒಂದೇ ಮಗ್ಗುಲಿಗೆ ಒಂದೇ ಕೋನದಲ್ಲಿ ಬರುವಂತೆ ನೋಡಿಕೊಂಡರೆ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಔಟರ್ ಗೆರೆ ಎಳೆದ ಹಾಗೆ ನೆಟ್ಟಗೆ ಕಾಣುತ್ತದೆ.

ಕ್ಲಿಪ್ಪನ್ನು ಬಿಗಿಯುವಾಗ ಕೈ ತಡೆದು ಬಿಗಿಯಬೇಕು. ಅತಿಯಾಗಿ ಬಿಗಿದರೆ ಔಟರ್ ಚಪ್ಪಟೆಯಾಗಿ ಒಳಗಿನ ತಂತಿಯನ್ನು ಹಿಡಿದುಕೊಳ್ಳುತ್ತದೆ; ಆಮೇಲೆ ಬ್ರೇಕು ಬಿಟ್ಟರೂ ರಬ್ಬರು ರಿಮ್ಮಿನಿಂದ ತಡವಾಗಿ ಹಿಂದೆ ಸರಿಯುವಾಗ ಜನ ಕ್ಯಾಲಿಪರಿನ ಸ್ಪ್ರಿಂಗಿನ ಮೇಲೆ ತಪ್ಪು ಹೊರಿಸುತ್ತಾರೆ. ಕ್ಲಿಪ್ಪಿನ ಅಡಿಯಲ್ಲಿ ತೆಳ್ಳನೆಯ ಪಾರದರ್ಶಕ ಟೇಪಿನ ಪಟ್ಟಿಯೊಂದನ್ನು ಸುತ್ತಿದರೆ ಬಣ್ಣ ಉಳಿಯುತ್ತದೆ. ಸವಾರನ ಬೆವರು ತೊಟ್ಟಿಕ್ಕುವುದು ಹೆಚ್ಚಾಗಿ ಈ ಪೈಪಿನ ಮೇಲೆಯೇ. ಉಪ್ಪಿನ ಆ ನೀರು ಕ್ಲಿಪ್ಪಿನ ಸಂದಿಯಲ್ಲಿ ನಿಂತು ಬಣ್ಣದಡಿಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಕೇಬಲ್ ಬದಲಿಸುವಾಗಲೆಲ್ಲ ಕ್ಲಿಪ್ಪುಗಳನ್ನು ಬಿಚ್ಚಿ, ಅಡಿಯನ್ನು ಒರೆಸಿ, ಮತ್ತೆ ಹಾಕುವುದು ಅವಶ್ಯ. ಔಟರ್ ನಡುವೆ ನಿಂತು ತಂತಿ ಬರಿಮೈಯಲ್ಲಿ ಸಾಗುವ, ತಡೆಗಳಿರುವ ಫ್ರೇಮುಗಳಲ್ಲಿ ಒತ್ತಲ್ಪಡುವ ಔಟರ್ ಕಡಿಮೆಯಾಗುವುದರಿಂದ ಬ್ರೇಕು ಗಟ್ಟಿಯಾಗಿ ಸಿಗುತ್ತದೆ. ತಂತಿ ಪೈಪಿಗೆ ಬಡಿಯದಂತೆ ಒಂದೆರಡು ಪುಟ್ಟ ರಬ್ಬರ್ ಬಳೆಗಳನ್ನು ಪೋಣಿಸಿದರೆ ಸಾಕು.

ರಂಧ್ರ ಕೊರೆಯುವ ಸಲಹೆಗೆ ನನ್ನ ವಿರೋಧ ಅತ್ಯಂತ ಕಟುವಾದದ್ದು. ಒಳ್ಳೆಯ ಹಳೆಯ ಫ್ರೇಮುಗಳು ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಉಕ್ಕಿನ ಕೊಳವೆಗಳಿಂದ ಆದವು. 1935ರಲ್ಲಿ ಬಂದ ರೆನಾಲ್ಡ್ಸ್ 531 ಈ ಬಗೆಯ ಕೊಳವೆಗಳಿಗೆ ಹೆಸರಾದದ್ದು. ಇಟಲಿಯ ಕೊಲಂಬಸ್ ಎಸ್‌ಎಲ್ ಅಡ್ಡಪೈಪಿನ ಗೋಡೆ ತುದಿಗಳಲ್ಲಿ 0.9 ಮಿ.ಮೀ. ಇದ್ದು ನಡುವೆ 0.6 ಮಿ.ಮೀ.ಗೆ ಇಳಿಯುತ್ತದೆ. ಇಷ್ಟು ತೆಳುವಾದ ಗೋಡೆಗೆ ಡ್ರಿಲ್ಲಿನಿಂದ ತೂತು ಹಾಕಿದರೆ ಆ ತೂತಿನ ಅಂಚಿನಲ್ಲಿ ಒತ್ತಡ ಕೂಡಿಕೊಂಡು, ಪ್ರತಿ ಕುಲುಕಿಗೂ ಬಳಲುತ್ತಾ, ಮುಂದೊಂದು ದಿನ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಮಳೆನೀರು ಒಳಗಿಳಿಯುವುದು, ತುಕ್ಕು ಒಳಗಿನಿಂದ ತಿನ್ನುವುದು ಬೇರೆ. ಕೇಬಲನ್ನು ಒಳಗಿನಿಂದ ಹಾಯಿಸಿದ ಹಳೆಯ ಫ್ರೇಮುಗಳು ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು, ಆದರೆ ಆ ಕೆಲಸವನ್ನು ಮಾಡಿದವರು ಫ್ರೇಮು ಕಟ್ಟಿದವರೇ. ತೂತಿನ ಸುತ್ತ ಬಲ ಕೊಟ್ಟು, ಎಷ್ಟೋ ಫ್ರೇಮುಗಳಲ್ಲಿ ಒಳಗೊಂದು ಕಿರುಕೊಳವೆಯನ್ನೂ ಬೆಸೆದು, ಬಣ್ಣ ಬಳಿಯುವ ಮೊದಲೇ ಮುಗಿಸಿದ ಕೆಲಸ ಅದು. ಹಾಗೆ ಬಂದಿರುವ ಫ್ರೇಮಿನಲ್ಲಿ ಕೇಬಲ್ ಒಳಗೇ ಇರಲಿ, ಹಾಗೆ ಬಾರದ ಫ್ರೇಮಿನಲ್ಲಿ ಕ್ಲಿಪ್ಪುಗಳೇ ಇರಲಿ. ಕ್ಲಿಪ್ಪನ್ನು ಬೇಡವೆಂದಾಗ ಬಿಚ್ಚಬಹುದು. ತೂತನ್ನು ಬಿಚ್ಚಲಾಗದು.

ಅಡ್ಡಪೈಪನ್ನು ದಾಟಿದ ಮೇಲೆ ಔಟರ್ ಹಿಂದಿನ ಕ್ಯಾಲಿಪರಿಗೆ ಇಳಿಯುವ ಜಾಗವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಮುಂದಿನ ಬ್ರೇಕಿಗಿಂತ ಹಿಂದಿನದರ ದಾರಿಯಲ್ಲಿ ತಿರುವುಗಳು ಹೆಚ್ಚು, ಹಾಗಾಗಿ ಇಲ್ಲಿ ಉಳಿಸುವ ಪ್ರತಿ ಡಿಗ್ರಿಯೂ ಲಾಭವೇ. ಒಂದು ಬದಿಯಿಂದ ಎಳೆಯುವ ಕ್ಯಾಲಿಪರ್ ಒಂದೇ ಬೋಲ್ಟಿನ ಮೇಲೆ ನಿಂತಿರುತ್ತದೆ. ಔಟರ್ ಗಿಡ್ಡವಾದರೆ ಅದು ಕ್ಯಾಲಿಪರಿನ ತೋಳನ್ನು ತನ್ನ ಕಡೆಗೆ ಎಳೆದು ಇಡೀ ಕ್ಯಾಲಿಪರನ್ನು ಓರೆಯಾಗಿಸುತ್ತದೆ. ಒಂದು ರಬ್ಬರು ಸದಾ ರಿಮ್ಮಿಗೆ ಸವರುತ್ತಿರುತ್ತದೆ. ಎಷ್ಟು ಸಲ ನಡುವಿಗೆ ತಂದು ಬಿಗಿದರೂ ಮತ್ತೆ ಅದೇ ಕಡೆಗೆ ವಾಲುವ ಬ್ರೇಕು ಇದ್ದರೆ, ಬೋಲ್ಟಿಗೆ ಕೈಹಾಕುವ ಮೊದಲು ಔಟರಿನ ತುದಿ ಕೂರುವ ತಿರುಪಿನಿಂದ, ಅಂದರೆ ಅಡ್ಜಸ್ಟರಿನಿಂದ, ಔಟರನ್ನು ಹೊರತೆಗೆದು ನೋಡಿರಿ. ಕ್ಯಾಲಿಪರ್ ತಾನಾಗಿ ನಡುವಿಗೆ ಬಂದರೆ ಕಾರಣ ಗೊತ್ತಾದಂತೆಯೇ. ಔಟರ್ ಅತಿ ಉದ್ದವಾದರೆ ಪೆಡಲು ತುಳಿಯುವಾಗ ತೊಡೆಯ ಹಿಂಬದಿಗೆ ತಾಗುತ್ತದೆ. 1950ರ ದಶಕದಿಂದ ಬಹುಕಾಲ ಜನಪ್ರಿಯವಾಗಿದ್ದ ಮಫಾಕ್, ವೈನ್‌ಮನ್ ಮುಂತಾದ ನಡುವಿನಿಂದ ಎಳೆಯುವ ಬ್ರೇಕುಗಳಲ್ಲಿ ಈ ಕಾಟ ಕಡಿಮೆ, ಏಕೆಂದರೆ ಅಲ್ಲಿ ಔಟರ್ ಸೀಟಿನ ಬೋಲ್ಟಿನ ಬಳಿಯ ಕೊಕ್ಕೆಯಲ್ಲೇ ನಿಂತುಬಿಡುತ್ತದೆ. ಕೊಕ್ಕೆಯಿಂದ ಇಳಿಯುವ ತಂತಿ ಚಕ್ರದ ನಡುಗೆರೆಯಲ್ಲಿ ನೆಟ್ಟಗೆ ಇದ್ದರಾಯಿತು.

ಔಟರ್ ಕತ್ತರಿಸುವ ಕೆಲಸವನ್ನು ಸಾಮಾನ್ಯ ಕಟಿಂಗ್ ಪ್ಲೇಯರಿನಿಂದ ಮುಗಿಸಿ ಹಾಗೆಯೇ ಜೋಡಿಸುವುದು ರೂಢಿಯಾಗಿಬಿಟ್ಟಿದೆ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಸುರುಳಿಯ ಕೊನೆಯ ಸುತ್ತು ಮುರಿದು, ಅದರ ಚೂಪಾದ ಮೊನೆ ಒಳಕ್ಕೆ ಬಾಗಿ, ತಂತಿ ಹೋಗುವ ದಾರಿಗೆ ಅಡ್ಡ ನಿಂತಿರುವುದು ಕಾಣುತ್ತದೆ. ಹಳೆಯ ತಂತಿಯ ತುಂಡೊಂದನ್ನು ಒಳಗಿಟ್ಟೇ ಔಟರನ್ನು ಕತ್ತರಿಸಿದರೆ ಅದು ಅಷ್ಟಾಗಿ ಚಪ್ಪಟೆಯಾಗುವುದಿಲ್ಲ. ಆಮೇಲೆ ಸಣ್ಣ ಹಲ್ಲಿನ ಅರದಿಂದ ತುದಿಯನ್ನು ಸಮತಟ್ಟಾಗಿ ಉಜ್ಜಿ, ಒಳಗಿನ ಪ್ಲಾಸ್ಟಿಕ್ ಪದರದ ಬಾಯನ್ನು ದಬ್ಬಳದ ಮೊನೆಯಿಂದ ದುಂಡಗೆ ಬಿಡಿಸಿ, ಲೋಹದ ಕ್ಯಾಪು ಹಾಕಬೇಕು. ಕ್ಯಾಪು ನೆಟ್ಟಗೆ ಕೂತ ಮೇಲೆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದರೆ ಅದು ಎಲ್ಲಿಯೂ ಗೀರಿಕೊಳ್ಳದೆ ಜಾರಬೇಕು. ಎಲ್ಲಿಯಾದರೂ ಗರಗರ ಎಂದರೆ ಬಿಚ್ಚಿ ಮತ್ತೆ ಉಜ್ಜಬೇಕು. ಒಳಪದರವಿಲ್ಲದ ತೀರ ಹಳೆಯ ಔಟರನ್ನು ಉಳಿಸಿಕೊಳ್ಳುವವರು ತಂತಿಗೆ ಗ್ರೀಸು ಸವರಲೇಬೇಕು. ಒಳಪದರವಿರುವುದಕ್ಕೆ ದಪ್ಪ ಗ್ರೀಸು ತುಂಬಿದರೆ ತಂತಿ ಅಂಟಂಟಾಗಿ ನಿಧಾನವಾಗುತ್ತದೆ. ಔಟರಿನ ಬಣ್ಣ ಯಾವುದಿರಬೇಕು ಎಂಬುದು ಅವರವರ ಇಷ್ಟ.

ಇನ್ನು, ಲೇಖನದಲ್ಲಿ ಪ್ರಸ್ತಾಪವೇ ಆಗದ, ಆದರೆ ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು. ಗೇರಿನ ಔಟರು ಬೇರೆ, ಬ್ರೇಕಿನ ಔಟರು ಬೇರೆ. ಬ್ರೇಕಿನ ತಂತಿ ಸಾಮಾನ್ಯವಾಗಿ 1.5 ಅಥವಾ 1.6 ಮಿ.ಮೀ. ದಪ್ಪ, ಅದರ ಔಟರ್ 5 ಮಿ.ಮೀ.; ಗೇರಿನ ತಂತಿ 1.2 ಮಿ.ಮೀ. ಆಸುಪಾಸಿನದು, ಅದರ ಔಟರ್ ಬಹುತೇಕ 4 ಮಿ.ಮೀ. 1980ರ ದಶಕದ ನಡುವಿನಲ್ಲಿ ಟಕ್ ಟಕ್ ಎಂದು ನಿಗದಿತ ಜಾಗಕ್ಕೆ ಬೀಳುವ ಗೇರುಗಳು ಬಂದ ಮೇಲೆ, ಅವಕ್ಕಾಗಿ ಉಕ್ಕಿನ ಎಳೆಗಳನ್ನು ಸುರುಳಿ ಸುತ್ತದೆ ಉದ್ದಕ್ಕೆ ಜೋಡಿಸಿದ ಔಟರ್ ಬಳಕೆಗೆ ಬಂತು. ನೋಡಲು ಅದು ಸಣಕಲಾಗಿ ಚೆಲುವಾಗಿರುವುದರಿಂದ, ಮುಂಭಾಗ ಚೊಕ್ಕವಾಗಿ ಕಾಣಲಿ ಎಂದು ಕೆಲವರು ಅದನ್ನೇ ಬ್ರೇಕಿಗೂ ಹಾಕುವುದುಂಟು. ಆ ಎಳೆಗಳನ್ನು ಒಟ್ಟಿಗೆ ಹಿಡಿದಿರುವುದು ಹೊರಗಿನ ಪ್ಲಾಸ್ಟಿಕ್ ಮಾತ್ರ. ಬ್ರೇಕಿನ ಬಲಕ್ಕೆ ಅದು ಸೀಳಿ ಎಳೆಗಳು ಹೊರಚೆಲ್ಲಬಹುದು, ಹಾಗಾದ ಕ್ಷಣದಲ್ಲೇ ಲಿವರ್ ಹ್ಯಾಂಡಲಿಗೆ ಬಡಿದು ಬ್ರೇಕು ಸಂಪೂರ್ಣ ಇಲ್ಲವಾಗುತ್ತದೆ. ಇದು ನಡೆಯುವುದು ಜೋರಾಗಿ ಅದುಮಿದಾಗ, ಅಂದರೆ ಬ್ರೇಕು ಅತ್ಯಂತ ಅಗತ್ಯವಿದ್ದಾಗ.

ತಂತಿಯನ್ನು ಬೋಲ್ಟಿಗೆ ಕಚ್ಚಿಸುವ ಮುನ್ನ ಅಡ್ಜಸ್ಟರನ್ನು ಬಹುತೇಕ ಪೂರ್ತಿ ಒಳಕ್ಕೆ ತಿರುಗಿಸಿ ಇಟ್ಟುಕೊಳ್ಳಬೇಕು. ಹೊಸ ಔಟರ್ ತನ್ನ ಜಾಗದಲ್ಲಿ ಒತ್ತಿ ಕೂರಲು ಕೆಲವು ದಿನ ಬೇಕು. ಅಷ್ಟರಲ್ಲಿ ಉಂಟಾಗುವ ಸಡಿಲವನ್ನು ಅಡ್ಜಸ್ಟರಿನಿಂದಲೇ ತೆಗೆಯಬಹುದು. ಬೋಲ್ಟಿನಿಂದಾಚೆ ನಾಲ್ಕೈದು ಸೆಂಟಿಮೀಟರ್ ತಂತಿ ಬಿಟ್ಟು, ಹರಿತವಾದ ಕಟರಿನಿಂದ ಒಂದೇ ಏಟಿಗೆ ಕತ್ತರಿಸಿ, ಎಳೆಗಳು ಬಿಚ್ಚಿಕೊಳ್ಳುವ ಮೊದಲೇ ತುದಿಗೆ ಪುಟ್ಟ ಅಲ್ಯೂಮಿನಿಯಂ ಟೋಪಿ ಹಾಕಿ ಒತ್ತಬೇಕು. ಹಿಂದೆ ಈ ತುದಿಗೆ ಬೆಸುಗೆ ಹಾಕಿ ಆಮೇಲೆ ಕತ್ತರಿಸುತ್ತಿದ್ದರು. ಸತು ಲೇಪದ ತಂತಿಗೆ ಆ ಕ್ರಮ ಇಂದಿಗೂ ಚೆನ್ನಾಗಿಯೇ ಒಪ್ಪುತ್ತದೆ, ಸ್ಟೇನ್‌ಲೆಸ್ ತಂತಿಗೆ ಬೆಸುಗೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಕೊನೆಯದಾಗಿ, ಎಡಗೈಯ ಲಿವರಿನಿಂದ ಯಾವ ಬ್ರೇಕು, ಬಲಗೈಯದರಿಂದ ಯಾವುದು ಎಂಬ ಪ್ರಶ್ನೆ. ಬ್ರಿಟನ್ ಮತ್ತು ಜಪಾನಿನಲ್ಲಿ ಮುಂದಿನ ಬ್ರೇಕಿಗೆ ಬಲಗೈ, ಅಮೆರಿಕದಲ್ಲಿ ಎಡಗೈ ರೂಢಿ. ಮುಂದಿನ ಕ್ಯಾಲಿಪರಿನ ತೋಳು ಯಾವ ಬದಿಗಿದೆಯೋ ಅದಕ್ಕೆ ಎದುರು ಬದಿಯ ಲಿವರಿನಿಂದ ಬಂದ ಕೇಬಲ್ ಹೆಡ್ ಪೈಪಿನ ಮುಂದೆ ಅಡ್ಡ ಹಾಯ್ದು ಇನ್ನಷ್ಟು ವಿಶಾಲವಾಗಿ ಬಾಗುತ್ತದೆ ಎಂಬುದು ನಿಜ. ಆ ಕಮಾನಿನ ಆಸೆಗೆ ಲಿವರುಗಳನ್ನು ಅದಲುಬದಲು ಮಾಡುವವರಿಗೆ ನನ್ನ ವಿನಂತಿ ಇಷ್ಟೆ: ತುರ್ತಿನಲ್ಲಿ ಕೈ ಯೋಚಿಸುವುದಿಲ್ಲ, ಅಭ್ಯಾಸವಾದ ಕಡೆಗೇ ಹೋಗುತ್ತದೆ. ಮನೆಯಲ್ಲಿ ಬೇರೆ ಸೈಕಲ್ಲುಗಳೂ ಇದ್ದರೆ ಎಲ್ಲದರಲ್ಲೂ ಒಂದೇ ಕ್ರಮವಿರಲಿ. ಬದಲಾಯಿಸಿದ ಸೈಕಲ್ಲನ್ನು ಇನ್ನೊಬ್ಬರಿಗೆ ಓಡಿಸಲು ಕೊಡುವಾಗ, ಅವರು ಸೀಟಿನ ಮೇಲೆ ಕೂರುವ ಮೊದಲೇ, ಮುಂದಿನ ಬ್ರೇಕು ಯಾವ ಕೈಗೆ ಎಂಬುದನ್ನು ತಿಳಿಸಿ, ನಿಂತಲ್ಲೇ ಒಮ್ಮೆ ಅದುಮಿ ನೋಡಲು ಹೇಳಿರಿ.

ಇಂತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ